ಕಿವಿ ನೋವಿಗೂ ತೂಕಕ್ಕೂ ಏನ್ರೀ ಸಂಬಂಧ?

ದಪ್ಪ ಇರೋರಿಗೆ ಬುದ್ಧಿ ಹೇಳೋಕೆ ಯಾರಿಗೂ ಪರ್ಮಿಷನ್ ಬೇಕಿಲ್ಲ ನೋಡಿ. ಲಿಫ್ಟಲ್ಲಿ ಪಕ್ಕ ನಿಂತೋರು, ಅಪರೂಪಕ್ಕೆ ಸಿಗೋ ನೆಂಟರು, ಆಫೀಸಲ್ಲಿ ಹೆಸರೇ ಗೊತ್ತಿಲ್ದೋರು, ಎಲ್ಲರೂ ಡಾಕ್ಟ್ರೇ, "ನಿಮ್ಮ ಒಳ್ಳೇದಕ್ಕೇ ಹೇಳೋದು" ಅಂತ ಬೇರೆ. ಇವ್ರಿಗೆಲ್ಲ ಹೂಂ ಹೂಂ ಅಂತ ತಲೆ ಆಡಿಸಿ ಬಿಡ್ತೀನಿ. ಸಿಟ್ಟು ನೆತ್ತಿಗೇರೋದು ನಿಜವಾದ ಡಾಕ್ಟ್ರ ಹತ್ರ ಹೋದಾಗ.

ಕಿವಿ ನೋವು ಅಂತ ಹೋಗಿದ್ದೆ. ಕಿವಿ ನೋಡೋಕೆ ಮುಂಚೆ ತೂಕದ ಮಷಿನ್ ಹತ್ತಿಸಿದ್ರು, ಆಮೇಲೆ ಬಿಪಿ. ತೋಳಿಗೆ ಸುತ್ತೋ ಪಟ್ಟಿ ನಂಗೆ ಸಾಲಲ್ಲ, ಸಿಸ್ಟರ್ ಎಳೆದೂ ಎಳೆದೂ ಅಂಟಿಸ್ತಾರೆ, ಗಾಳಿ ತುಂಬ್ತಿದ್ದಂಗೇ ಚರ್‍ರ್ ಅಂತ ಬಿಟ್ಕೊಳ್ಳತ್ತೆ, ಮತ್ತೆ ಸುತ್ತೋದು, ಕೊನೆಗೆ ಕೈಯಲ್ಲಿ ಅದುಮಿ ಹಿಡ್ಕೊಂಡೇ ನಂಬರ್ ಬರ್ಕೊಂಡ್ರು. "ದೊಡ್ಡ ಸೈಜ್ ಇಲ್ವಾ ಸಿಸ್ಟರ್?" ಅಂದ್ರೆ "ಎಲ್ಲರಿಗೂ ಇದೇ ಆಗತ್ತಲ್ಲ" ಅಂತೆ! ಪಟ್ಟಿ ಚಿಕ್ಕದಾದ್ರೆ ಬಿಪಿ ಇರೋದಕ್ಕಿಂತ ಜಾಸ್ತಿ ತೋರ್ಸತ್ತೆ, ಹೊಸ ವಿಷ್ಯ ಏನಲ್ಲ, ದೊಡ್ಡ ಪಟ್ಟಿನೂ ಮಾರ್ಕೆಟಲ್ಲಿ ಸಿಗತ್ತೆ. ಆದ್ರೂ ಚೀಟೀಲಿ ಬಂದಿದ್ದು ಬಿಪಿ ಜಾಸ್ತಿ, ತೂಕ ಇಳಿಸಿ.

ಬಿಎಂಐ, ಅಂದ್ರೆ ಎತ್ತರಕ್ಕೆ ತಕ್ಕ ತೂಕ ಇದ್ಯಾ ಅಂತ ನೋಡೋ ಲೆಕ್ಕ, ಅದ್ರ ಕಥೆನೂ ಅಷ್ಟೇ. ಆ ಲೆಕ್ಕ ಹುಟ್ಟಿದ್ದು 1830ರ ದಶಕದಲ್ಲಿ, ಹಾಕಿದ್ದು ಬೆಲ್ಜಿಯಂನ ಅಡಾಲ್ಫ್ ಕೆಟ್ಲೆ, ವೈದ್ಯ ಅಲ್ಲ, ಖಗೋಳ ಮತ್ತು ಅಂಕಿಅಂಶದ ಮನುಷ್ಯ, ಸರಾಸರಿ ಮನುಷ್ಯ ಹೇಗಿರ್ತಾನೆ ಅಂತ ಹುಡುಕ್ತಿದ್ದ. ಈಗ ಅದೇ ನಂಬರ್ ನೋಡಿ ಒಬ್ಬೊಬ್ಬರ ಸೋಮಾರಿತನನೂ ಅಳೀತಾರೆ ಜನ.

ಹಿಂಗೆ ಬೈಸ್ಕೊಂಡೋರು ಆಸ್ಪತ್ರೆ ಕಡೆ ತಲೆ ಹಾಕೋದನ್ನೇ ಬಿಡ್ತಾರೆ, ಕಾಯಿಲೆ ಗೊತ್ತಾಗೋ ಹೊತ್ತಿಗೆ ತಡ ಆಗಿರತ್ತೆ. ಅವಮಾನ ಮಾಡಿದ್ರೆ ಸಣ್ಣ ಆಗ್ತಾರೆ ಅನ್ನೋದಂತೂ ಶುದ್ಧ ಸುಳ್ಳು, ಹಂಗೆ ಆಗೋದಿದ್ರೆ ನಾನಿಷ್ಟೊತ್ತಿಗೆ ಕಡ್ಡಿ ಆಗಿರ್ಬೇಕಿತ್ತು.

ಕೆಲಸ, ಬಾಡಿಗೆ ಮನೆ ವಿಷಯದಲ್ಲೂ ಇದೇ ಗೋಳು. ತೂಕ ನೋಡಿ ಭೇದ ಮಾಡಬಾರದು ಅಂತ ಅಮೆರಿಕದ ಮಿಷಿಗನ್ 1976ರಲ್ಲೇ ಕಾನೂನು ಮಾಡ್ತು, ನ್ಯೂಯಾರ್ಕ್ ನಗರ 2023ರಲ್ಲಿ. ಇಂಥ ಕಾನೂನು ಇರೋ ಜಾಗಗಳು ಇವತ್ತಿಗೂ ಬಹಳ ಕಮ್ಮಿ.

ಈಗ ನಾನೊಂದು ಪ್ರಶ್ನೆ ಇಟ್ಕೊಂಡಿದೀನಿ. "ತೂಕ ಇಳಿಸಿ" ಅಂದ ತಕ್ಷಣ, "ಸರಿ ಡಾಕ್ಟ್ರೇ, ಸಣ್ಣ ಇರೋರು ಇದೇ ನೋವು ಅಂತ ಬಂದ್ರೆ ಏನ್ ಟೆಸ್ಟ್ ಬರೀತೀರಾ? ಅದನ್ನೇ ನಂಗೂ ಬರ್ಕೊಡಿ" ಅಂತೀನಿ. ಕೆಲವ್ರು ಮುಖ ಗಂಟು ಹಾಕ್ತಾರೆ. ಕೆಲವ್ರು ಬರ್ಕೊಡ್ತಾರೆ.