ಫ್ಲಾಪಿ ಹೋಯ್ತು, ನವಿಲು ಉಳೀತು

ಎರಡು ತಿಂಗಳಿಂದ ಬಟ್ಟೆ ಹೊದ್ದು ಕೂತಿದ್ದ ಎಂಬ್ರಾಯ್ಡರಿ ಮೆಷಿನ್ ಇವತ್ತು ಮತ್ತೆ ಓಡ್ತು. ಮೋಟಾರು, ಬಾಬಿನ್ ಕೇಸು ಎಲ್ಲ ಗಟ್ಟಿಮುಟ್ಟು. ಕೈಕೊಟ್ಟಿದ್ದು ಫ್ಲಾಪಿ ಡ್ರೈವ್. ಡಿಸೈನ್ ಒಳಗೆ ಹೋಗೋಕೆ ಇದ್ದಿದ್ದು ಅದೊಂದೇ ಬಾಗಿಲು.

ಬೆಂಗಳೂರಿನ ಎಸ್‌.ಪಿ. ರೋಡಲ್ಲಿ ನಾಲ್ಕನೇ ಅಂಗಡಿಯ ಹುಡುಗ, "ಅಕ್ಕಾ, ಫ್ಲಾಪಿ ಹುಡುಕ್ಬೇಡಿ, ಎಮ್ಯುಲೇಟರ್ ಹಾಕ್ಸಿ" ಅಂದ. ಹಳೇ ಡ್ರೈವ್ ಇದ್ದ ಗೂಡಲ್ಲೇ ಕೂರುತ್ತೆ, ಅದೇ 34 ಪಿನ್ನಿನ ಕೇಬಲ್. ಪೆನ್ ಡ್ರೈವನ್ನ 1.44 ಎಂಬಿಯ ತುಂಡು ಮಾಡಿ, ಒಂದೊಂದು ತುಂಡನ್ನೂ ಒಂದೊಂದು ಫ್ಲಾಪಿ ಅಂತ ಮೆಷಿನ್‌ಗೆ ತೋರಿಸುತ್ತೆ. ಗುಂಡಿ ಒತ್ತಿದಂಗೆ ಕೆಂಪಕ್ಷರದಲ್ಲಿ 000, 001, 002.

ಅಷ್ಟು ಸಣ್ಣ ಜಾಗ ಹೇಗೆ ಸಾಕಾಗುತ್ತೆ ಅಂತ ನನಗೂ ಮೊದಲು ಆಶ್ಚರ್ಯ. ಮೆಷಿನ್ ಓದೋ ಡಿಸೈನ್ ಫೈಲಲ್ಲಿ, ಅಂದ್ರೆ ಡಿಎಸ್‌ಟಿ ಫೈಲಲ್ಲಿ, ಚಿತ್ರವೇ ಇರಲ್ಲ. ಈ ಕಡೆ ಇಷ್ಟು ಸರಿ, ಚುಚ್ಚು, ಇಲ್ಲಿ ದಾರ ಬದಲಿಸು, ಇಷ್ಟೇ. ಒಂದು ಹೊಲಿಗೆಗೆ ಮೂರು ಬೈಟು. ಹತ್ತು ಸಾವಿರ ಹೊಲಿಗೆಯ ನವಿಲು ಸುಮಾರು 30 ಕೆಬಿ! ಫೋನಲ್ಲಿ ತೆಗೆಯೋ ಒಂದು ಫೋಟೋದ ಮುಂದೆ ಅದು ಏನೂ ಅಲ್ಲ. ಎಷ್ಟು ಅಚ್ಚುಕಟ್ಟಾಗಿ ಯೋಚಿಸಿದ್ದಾರೆ ಅಂತ ಮನಸ್ಸು ತುಂಬಿ ಬಂತು.

ಡಿಸೈನ್ ಮಾಡೋ ಸಾಫ್ಟ್‌ವೇರ್ ಇರೋದು ಹಳೇ ವಿಂಡೋಸ್ ಎಕ್ಸ್‌ಪಿ ಲ್ಯಾಪ್‌ಟಾಪಲ್ಲಿ. ಎಕ್ಸ್‌ಪಿಗೆ 2014ರಲ್ಲೇ ಬೆಂಬಲ ನಿಂತಿದೆ, ಅದಕ್ಕೇ ಅದನ್ನ ಇಂಟರ್‌ನೆಟ್‌ಗೆ ಸೇರಿಸಲ್ಲ. ಡಿಸೈನ್‌ಗಳನ್ನ ಮಾತ್ರ ಇನ್ನೂ ಎರಡು ಕಡೆ ಕಾಪಿ ಮಾಡಿಟ್ಟೆ. ಫ್ಲಾಪಿಗಳ ಮೇಲೆ ಅಮ್ಮ ಪೆನ್ಸಿಲ್ಲಲ್ಲಿ ಬರೆದ ಚೀಟಿಗಳನ್ನ ಬಿಡಿಸಿ ನೋಟ್‌ಬುಕ್ಕಿಗೆ ಅಂಟಿಸಿದೀನಿ: "ಮಾವಿನಕಾಯಿ ಅಂಚು, ತೋಳಿಗೆ".

ಈಗ ಪಕ್ಕದ ಮನೆ ಹುಡುಗಿಯ ಧಾರೆ ಸೀರೆ ಬ್ಲೌಸು ಹೂಪಲ್ಲಿದೆ. ಹಸಿರು ದಾರ ನಡೀತಿದೆ.