ತಂಗಳು ಪ್ರಶ್ನೆ: ಪ್ರಚಲಿತ ವಿದ್ಯಮಾನದ ಆನ್‌ಲೈನ್ ಕ್ವಿಜ್ ತಯಾರಿಸುವ ಕೆಲಸ

"ವಾಣಿ ವಿಲಾಸ ಸಾಗರ ಎಷ್ಟು ಬಾರಿ ಕೋಡಿ ಬಿದ್ದಿದೆ?" ದಾವಣಗೆರೆ, ಚಿತ್ರದುರ್ಗದ ಕೋಚಿಂಗ್ ಕೋಣೆಗಳಲ್ಲಿ ಈ ಪ್ರಶ್ನೆ ಕೇಳದವರಿಲ್ಲ. 2022ರ ಸೆಪ್ಟೆಂಬರ್‌ನಲ್ಲಿ ಇದಕ್ಕೆ "ಎರಡು" ಎಂಬ ಉತ್ತರ ಸರಿಯಿತ್ತು: 1933ರಲ್ಲೊಮ್ಮೆ, 89 ವರ್ಷ ಕಳೆದು ಇನ್ನೊಮ್ಮೆ. 2025ರ ಜನವರಿಯಲ್ಲಿ ಕೆರೆ ಮತ್ತೆ ತುಂಬಿ ಹರಿಯಿತು, ಉತ್ತರ ಹಳಸಿತು. ಪ್ರಶ್ನೆ ಮಾತ್ರ ಟೆಲಿಗ್ರಾಂನಲ್ಲಿ ಹಾಗೇ ಓಡಾಡುತ್ತಿದೆ, "ಎರಡು" ಒತ್ತಿದವರಿಗೆ ಈಗಲೂ ಹಸಿರು ಗುರುತು ತೋರಿಸುತ್ತಿದೆ. ಅದನ್ನೇ "1933ರ ನಂತರ ವಾಣಿ ವಿಲಾಸ ಸಾಗರ ಮತ್ತೆ ಮೊದಲ ಸಲ ಕೋಡಿ ಬಿದ್ದದ್ದು ಯಾವ ವರ್ಷ?" ಎಂದು ಕೇಳಿದ್ದರೆ 2022 ಎಂಬ ಉತ್ತರ ಇನ್ನು ಐವತ್ತು ವರ್ಷ ಬಿಟ್ಟರೂ ಕೆಡುತ್ತಿರಲಿಲ್ಲ.

ವಾರಕ್ಕೊಂದು ಪ್ರಚಲಿತ ವಿದ್ಯಮಾನದ ಕ್ವಿಜ್ ಹಾಕುವವರ ಅರ್ಧ ಕೆಲಸ ಇದೇ. ಇವತ್ತಿನ ಸುದ್ದಿಯನ್ನು ನಾಳೆ ಹಳಸದ ಹಾಗೆ ಕೇಳಬೇಕು. ಕೆಪಿಎಸ್‌ಸಿ, ಪಿಎಸ್‌ಐ, ಪಿಡಿಒ, ಎಫ್‌ಡಿಎ ಎಂದು ಸರ್ಕಾರಿ ನೌಕರಿಯ ಪರೀಕ್ಷೆಗಳಿಗಾಗಿ ಜಗಳೂರು, ಹೊನ್ನಾಳಿ, ಮೊಳಕಾಲ್ಮೂರು ಕಡೆಯಿಂದ ಬಂದು ರೂಮು ಮಾಡಿಕೊಂಡು ಓದುವವರು ಇದನ್ನು ಆಟ ಅಂದುಕೊಂಡು ಆಡುವುದಿಲ್ಲ. ಕ್ವಿಜ್‌ನಲ್ಲಿ ಕಲಿತ ತಪ್ಪನ್ನು ನೇರ ಪರೀಕ್ಷಾ ಕೊಠಡಿಗೆ ಒಯ್ಯುತ್ತಾರೆ.

ಹಳಸುವ ಪದಗಳು ನಾಲ್ಕೈದೇ: ಪ್ರಸ್ತುತ, ಇತ್ತೀಚೆಗೆ, ಹಾಲಿ, ಇದುವರೆಗೆ, ಅತಿ ಹೆಚ್ಚು. ಕರಡಿನಲ್ಲಿ ಇವು ಕಂಡ ಕಡೆಯೆಲ್ಲ ಕೆಂಪು ಬಣ್ಣ ಬಳಿದು ಪಕ್ಕದಲ್ಲಿ ದಿನಾಂಕ ಬರೆಯುವುದು ನಮ್ಮಲ್ಲಿ ರೂಢಿ. "ಕರ್ನಾಟಕ ವಿಧಾನಸಭೆಯಲ್ಲಿ ಕಾಂಗ್ರೆಸ್ ಬಲ ಎಷ್ಟು?" ಎಂದು ಕೇಳಬಾರದು. 2023ರ ಮೇ 13ರ ಫಲಿತಾಂಶದಂತೆ 135, ಬಿಜೆಪಿ 66, ಜೆಡಿಎಸ್ 19, ಇತರರು 4. ಆದರೆ 2024ರ ನವೆಂಬರ್‌ನಲ್ಲಿ ಸಂಡೂರು, ಶಿಗ್ಗಾವಿ, ಚನ್ನಪಟ್ಟಣ ಮೂರೂ ಉಪಚುನಾವಣೆಗಳನ್ನು ಕಾಂಗ್ರೆಸ್ ಗೆದ್ದಿತು, ಲೆಕ್ಕ ಬದಲಾಯಿತು. "2023ರ ಸಾರ್ವತ್ರಿಕ ಚುನಾವಣೆಯಲ್ಲಿ ಗೆದ್ದ ಸ್ಥಾನಗಳು" ಎಂದು ಬರೆದರೆ ತಕರಾರಿಗೆ ಜಾಗವೇ ಇಲ್ಲ.

ಸುದ್ದಿಗಿಂತ ಹಳೆಯ ಗೈಡುಗಳಿಂದ ನುಸುಳುವ ತಂಗಳು ಇನ್ನೂ ಹೆಚ್ಚು. ವಿಧಾನಸಭೆಯ ಸದಸ್ಯರ ಸಂಖ್ಯೆ 225 ಎಂದು ಬರೆದ ಪುಸ್ತಕಗಳು ಇಂದಿಗೂ ಸಿಗುತ್ತವೆ. ಚುನಾಯಿತರು 224, ಮೇಲಿನ ಒಬ್ಬರು ನಾಮಕರಣಗೊಳ್ಳುತ್ತಿದ್ದ ಆಂಗ್ಲೋ ಇಂಡಿಯನ್ ಸದಸ್ಯರು. 104ನೇ ತಿದ್ದುಪಡಿಯಿಂದ 2020ರ ಜನವರಿ 25ಕ್ಕೆ ಆ ನಾಮಕರಣ ನಿಂತಿತು. ಲೋಕಸಭೆಯ 545 ಕೂಡ ಅದೇ ಕಾರಣಕ್ಕೆ 543 ಆಗಬೇಕು. ಹರಪನಹಳ್ಳಿಯನ್ನು ದಾವಣಗೆರೆ ಜಿಲ್ಲೆಯಲ್ಲಿಟ್ಟ ನಕಾಶೆಗಳ ಕತೆಯೂ ಹೀಗೇ. 1997ರಲ್ಲಿ ಜಿಲ್ಲೆ ಆದಾಗ ಅದು ಇಲ್ಲಿತ್ತು, ಆಮೇಲೆ ಬಳ್ಳಾರಿಗೆ ಮರಳಿತು, 2021ರಲ್ಲಿ ವಿಜಯನಗರ ಜಿಲ್ಲೆಗೆ ಸೇರಿತು. ಈ ಊರಿನಲ್ಲೇ ಕೂತು ಅದನ್ನು ತಪ್ಪಾಗಿ ಕೇಳಿದರೆ ಕಮೆಂಟಿನಲ್ಲಿ ಮರ್ಯಾದೆ ಉಳಿಯುವುದಿಲ್ಲ.

ದಿನಾಂಕದ ನಂತರ ಹೆಚ್ಚು ತಪ್ಪು ಆಗುವುದು ಕ್ರಿಯಾಪದದಲ್ಲಿ. ಘೋಷಿಸಿತು, ಮಂಡಿಸಿತು, ಅಂಗೀಕರಿಸಿತು, ಅಂಕಿತ ಬಿತ್ತು, ಜಾರಿಗೆ ಬಂತು, ಹಣ ಬಿಡುಗಡೆ ಆಯಿತು. ಈ ಆರಕ್ಕೂ ಬೇರೆ ಬೇರೆ ದಿನಾಂಕ ಇರುತ್ತದೆ. ಪತ್ರಿಕೆಯ ತಲೆಬರಹ ಎಲ್ಲವನ್ನೂ "ಬಂತು" ಎಂಬ ಒಂದೇ ಪದದಲ್ಲಿ ಮುಗಿಸಿಬಿಡುತ್ತದೆ. ಭಾರತೀಯ ನ್ಯಾಯ ಸಂಹಿತೆಯನ್ನೇ ನೋಡಿ. ಸಂಸತ್ತು ಅಂಗೀಕರಿಸಿದ್ದು 2023ರ ಡಿಸೆಂಬರ್‌ನಲ್ಲಿ, ರಾಷ್ಟ್ರಪತಿ ಅಂಕಿತ ಅದೇ ತಿಂಗಳ 25ರಂದು, ಜಾರಿ 2024ರ ಜುಲೈ 1ರಿಂದ. "ನ್ಯಾಯ ಸಂಹಿತೆ ಯಾವಾಗ ಬಂತು?" ಎಂದು ಕೇಳಿ 2023, 2024 ಎರಡನ್ನೂ ಆಯ್ಕೆಯಲ್ಲಿಟ್ಟರೆ ಜಗಳಕ್ಕೆ ನಾವೇ ಚಾಪೆ ಹಾಸಿಕೊಟ್ಟಂತೆ.

ಮಸೂದೆಯ ಸಂಖ್ಯೆ ಬೇರೆ, ತಿದ್ದುಪಡಿಯ ಸಂಖ್ಯೆ ಬೇರೆ. ಇದು ಪಿಎಸ್‌ಐ ಓದುವವರಿಗೆ ಬಾಯಿಪಾಠ ಇರುತ್ತದೆ, ಪ್ರಶ್ನೆ ಬರೆಯುವವರೇ ಎಡವುತ್ತಾರೆ. ಮಹಿಳಾ ಮೀಸಲಾತಿ 128ನೇ ತಿದ್ದುಪಡಿ ಮಸೂದೆ, ಕಾಯ್ದೆಯಾದಾಗ 106ನೇ ತಿದ್ದುಪಡಿ. ಜಿಎಸ್‌ಟಿ 122ನೇ ಮಸೂದೆ, 101ನೇ ತಿದ್ದುಪಡಿ. ಆರ್ಥಿಕವಾಗಿ ಹಿಂದುಳಿದವರ ಶೇ 10 ಮೀಸಲು 124ನೇ ಮಸೂದೆ, 103ನೇ ತಿದ್ದುಪಡಿ. ಪ್ರಶ್ನೆಯಲ್ಲಿ "ತಿದ್ದುಪಡಿ ಕಾಯ್ದೆ" ಎಂದು ಪೂರ್ತಿ ಬರೆದು, ಮಸೂದೆಯ ಸಂಖ್ಯೆಯನ್ನು ತಪ್ಪು ಆಯ್ಕೆಗಳಲ್ಲಿ ಒಂದಾಗಿ ಇಡಿ. ಓದಿದವರು ಯಾರು, ತಲೆಬರಹ ನೋಡಿದವರು ಯಾರು ಎಂದು ಅಲ್ಲೇ ಬೇರೆಯಾಗುತ್ತದೆ.

ನಮ್ಮ ಭದ್ರಾ ಮೇಲ್ದಂಡೆ ನೀರಾವರಿ ಯೋಜನೆಯದೂ ಇದೇ ಪಾಡು. 2023-24ರ ಕೇಂದ್ರ ಬಜೆಟ್‌ನಲ್ಲಿ ಯೋಜನೆಗೆ 5,300 ಕೋಟಿ ರೂಪಾಯಿ ನೆರವು *ಘೋಷಣೆ* ಆಯಿತು. "ಕೇಂದ್ರವು 5,300 ಕೋಟಿ ನೀಡಿತು" ಎಂದು ಬರೆದರೆ ಅದು ಪ್ರಶ್ನೆ ಆಗಿ ಉಳಿಯುವುದಿಲ್ಲ, ಚಿತ್ರದುರ್ಗದ ಬೀದಿಯಲ್ಲಿ ನಡೆಯುತ್ತಿರುವ ವಾದದಲ್ಲಿ ಒಂದು ಪಕ್ಷ ವಹಿಸಿದ ಹಾಗಾಗುತ್ತದೆ. ಬಜೆಟ್ ಭಾಷಣದಲ್ಲಿ ಇದ್ದ ಮಾತಿಗೆ ಒಂದು ಪದ ಕೂಡಿಸಬಾರದು, ಒಂದು ಪದ ಕಳೆಯಬಾರದು.

ರಾಜಕೀಯದ ಪ್ರಶ್ನೆಗೆ ಈ ಕಟ್ಟುನಿಟ್ಟು ಎರಡು ಪಟ್ಟು ಬೇಕು. ಯೋಜನೆಗೆ ಸರ್ಕಾರಿ ಆದೇಶದಲ್ಲಿರುವ ಹೆಸರನ್ನೇ ಬಳಸಿ, "ಬಿಟ್ಟಿ ಭಾಗ್ಯ" ಅಂತಲೂ ಬೇಡ, "ಐತಿಹಾಸಿಕ ಯೋಜನೆ" ಅಂತಲೂ ಬೇಡ. ಗೃಹಜ್ಯೋತಿಯನ್ನು "ಎಲ್ಲರಿಗೂ 200 ಯೂನಿಟ್ ಉಚಿತ" ಎಂಬ ಹೇಳಿಕೆಯಾಗಿ ಕೊಟ್ಟರೆ ಅದು ತಪ್ಪು ಹೇಳಿಕೆ. 2023ರಲ್ಲಿ ಯೋಜನೆ ಶುರುವಾದಾಗ ಉಚಿತವಿದ್ದದ್ದು ಹಿಂದಿನ ಬಳಕೆಯ ಸರಾಸರಿಗೆ ಶೇ 10 ಕೂಡಿಸಿ ಬರುವಷ್ಟು, 200 ಯೂನಿಟ್ ಮಿತಿಯೊಳಗೆ. ಯುವನಿಧಿಯಲ್ಲಿ ಪದವೀಧರರಿಗೆ 3,000, ಡಿಪ್ಲೊಮಾದವರಿಗೆ 1,500. ಒಂದೇ ಅಂಕಿ ಕೇಳುವಾಗ ಯಾರಿಗೆ ಎಂಬುದು ಪ್ರಶ್ನೆಯಲ್ಲೇ ಇರಲಿ. ಆರೋಪಿಯನ್ನು ಅಪರಾಧಿ ಎಂದು ಬರೆಯುವ ಕೈಜಾರು ತಪ್ಪಂತೂ ಕ್ವಿಜ್‌ನಲ್ಲಿ ಮುಗಿಯುವುದಿಲ್ಲ, ಠಾಣೆಯವರೆಗೂ ಹೋಗಬಲ್ಲದು. ವಿಚಾರಣೆಯಲ್ಲಿರುವ ಪ್ರಕರಣಗಳನ್ನು ನಾವು ಮುಟ್ಟುವುದೇ ಇಲ್ಲ.

ಮೂಲ ಎರಡು ಇರಬೇಕು ಅನ್ನುವುದು ಎಲ್ಲರಿಗೂ ಗೊತ್ತು. ಎರಡು ಪತ್ರಿಕೆ ನೋಡಿದರೆ ಎರಡು ಮೂಲ ಆಗಲಿಲ್ಲ ಅನ್ನುವುದು ಅಷ್ಟಾಗಿ ಗೊತ್ತಿಲ್ಲ. ಎರಡೂ ಕಡೆ ಕೆಳಗೆ "ಪಿಟಿಐ" ಎಂದು ಒಂದೇ ಸುದ್ದಿಸಂಸ್ಥೆಯ ಹೆಸರಿದ್ದರೆ ಅದು ಒಂದೇ ಬಾವಿಯ ನೀರು. ಒಂದು ಪತ್ರಿಕೆ, ಒಂದು ಸರ್ಕಾರಿ ದಾಖಲೆ, ಇದು ಲೆಕ್ಕ. ಕೇಂದ್ರದ್ದಾದರೆ ಅದರ ಪತ್ರಿಕಾ ಪ್ರಕಟಣೆ ಹೊರಡಿಸುವ ಪಿಐಬಿ, ರಾಜ್ಯದ್ದಾದರೆ ವಾರ್ತಾ ಇಲಾಖೆಯ ಪ್ರಕಟಣೆ ಅಥವಾ ರಾಜ್ಯಪತ್ರ, ಮತಗಳ ಲೆಕ್ಕಕ್ಕೆ ಚುನಾವಣಾ ಆಯೋಗ. ಕೋಷ್ಟಕದಲ್ಲಿ ಪ್ರಶ್ನೆ, ಉತ್ತರ, ಮೂಲದ ಕೊಂಡಿ, ನೋಡಿದ ದಿನಾಂಕ, "ಯಾವಾಗ ಹಳಸಬಹುದು" ಎಂಬ ಐದು ಕಾಲಂ ಇಟ್ಟುಕೊಳ್ಳಿ. ಐದನೆಯದೇ ಚಿನ್ನದಂಥದ್ದು. ಉಪರಾಷ್ಟ್ರಪತಿ ಜಗದೀಪ್ ಧನಕರ್ 2025ರ ಜುಲೈ 21ರಂದು ರಾಜೀನಾಮೆ ಕೊಟ್ಟರು. ಸಿ.ಪಿ. ರಾಧಾಕೃಷ್ಣನ್ ಆಯ್ಕೆಯಾದದ್ದು ಸೆಪ್ಟೆಂಬರ್ 9ಕ್ಕೆ, ಪ್ರಮಾಣವಚನ 12ಕ್ಕೆ. ಆ ನಡುವೆ "ಉಪರಾಷ್ಟ್ರಪತಿ ಯಾರು?" ಎಂಬ ಪ್ರಶ್ನೆಗೆ ಉತ್ತರವೇ ಇರಲಿಲ್ಲ. ಇಂಥ ಹುದ್ದೆಯ ಪ್ರಶ್ನೆಗಳನ್ನೆಲ್ಲ ಐದನೇ ಕಾಲಂನಿಂದ ಸೋಸಿ ತೆಗೆದು, ಹಳೆ ಕ್ವಿಜ್ ಮರುಬಳಕೆ ಮಾಡುವ ಮೊದಲು ಒಂದೊಂದಾಗಿ ನೋಡಬೇಕು.

ಆಯ್ಕೆಗಳ ವಿಚಾರ. ಕನ್ನಡದಲ್ಲಿ ಪ್ರಶ್ನೆಯ ವ್ಯಾಕರಣವೇ ಉತ್ತರ ಬಿಟ್ಟುಕೊಡುತ್ತದೆ. "2024ರಲ್ಲಿ ದಾವಣಗೆರೆಯಿಂದ ಆಯ್ಕೆಯಾದ ಸಂಸದೆ ಯಾರು?" ಎಂದು ಕೇಳಿ ಒಬ್ಬ ಮಹಿಳೆ, ಮೂವರು ಗಂಡಸರ ಹೆಸರು ಕೊಟ್ಟರೆ ಏನೂ ಓದದವರೂ ಪ್ರಭಾ ಮಲ್ಲಿಕಾರ್ಜುನ್ ಎಂದು ಒತ್ತುತ್ತಾರೆ. "ಗೆದ್ದವರು ಯಾರು?" ಎಂದು ಬರೆದು, ಎದುರು ಸ್ಪರ್ಧಿಸಿದ್ದ ಗಾಯತ್ರಿ ಸಿದ್ದೇಶ್ವರ ಅವರ ಹೆಸರನ್ನೂ ಸೇರಿಸಿದರೆ ಪ್ರಶ್ನೆಗೆ ಜೀವ ಬರುತ್ತದೆ. "ಯಾವುವು" ಎಂದು ಕೇಳಿ ಒಂದೇ ವಸ್ತುವಿನ ಆಯ್ಕೆ ಕೊಡುವುದು, ಸರಿಯುತ್ತರವನ್ನು ಮಾತ್ರ ಎರಡು ಸಾಲು ಉದ್ದ ಬರೆಯುವುದು, ಉತ್ತರವನ್ನು ಸದಾ ಬಿ ಅಥವಾ ಸಿಯಲ್ಲಿ ಬಚ್ಚಿಡುವುದು, ಇವೂ ಅದೇ ಜಾತಿಯ ಸೋರಿಕೆ.

ತಪ್ಪು ಆಯ್ಕೆಗಳು ಸರಿಯುತ್ತರದ ಅಣ್ಣತಮ್ಮಂದಿರಂತೆ ಕಾಣಬೇಕು. ಇಸ್ರೋದ ಮರುಬಳಕೆ ವಾಹನದ ಇಳಿಯುವಿಕೆ ಪ್ರಯೋಗ ನಮ್ಮ ಚಳ್ಳಕೆರೆ ತಾಲ್ಲೂಕಿನ ಪರೀಕ್ಷಾ ವಲಯದಲ್ಲಿ ಮೂರು ಸಲ ನಡೆಯಿತು: 2023ರ ಏಪ್ರಿಲ್ 2, 2024ರ ಮಾರ್ಚ್ 22, 2024ರ ಜೂನ್ 23. ಸ್ಥಳ ಕೇಳುವಾಗ ಶ್ರೀಹರಿಕೋಟಾ, ತುಂಬಾ, ಚಾಂದೀಪುರ ಜೊತೆಗಿರಲಿ. ಹಂಪಿ, ಮೈಸೂರು ಕೊಟ್ಟರೆ ಜಾಗ ದಂಡ. ಆದರೆ ಸ್ಥಳ ಇಲ್ಲಿಯವರಿಗೆ ನೀರು ಕುಡಿದಷ್ಟು ಸುಲಭ. ಹಾಗಾಗಿ ಎರಡನೇ ಮತ್ತು ಮೂರನೇ ಪ್ರಯೋಗದ ವ್ಯತ್ಯಾಸ ಕೇಳಿ: ವಾಹನವನ್ನು ರನ್‌ವೇ ನೇರದಿಂದ ಎಷ್ಟು ಪಕ್ಕಕ್ಕೆ ಬಿಡಲಾಗಿತ್ತು? ಎರಡನೆಯದರಲ್ಲಿ 150 ಮೀಟರ್, ಮೂರನೆಯದರಲ್ಲಿ 500.

ಇನ್ನು ಯಂತ್ರದ ಕಡೆ. ನುಡಿ ತಂತ್ರಾಂಶದ ಹಳೆ ಫಾಂಟ್‌ನಲ್ಲಿ ಟೈಪ್ ಮಾಡಿದ್ದನ್ನು ಹಾಗೇ ಅಂಟಿಸಿದರೆ ಮೊಬೈಲ್‌ನಲ್ಲಿ ಯಾವುದೋ ಗ್ರಹದ ಲಿಪಿ ಕಾಣುತ್ತದೆ. ಯೂನಿಕೋಡ್‌ಗೆ ಪರಿವರ್ತಿಸಿದ ಮೇಲೂ ಅರ್ಕಾವತ್ತು, ಒತ್ತಕ್ಷರಗಳನ್ನು ಕಣ್ಣಿಟ್ಟು ಓದಬೇಕು. ಬಾಟ್ (ಸ್ವಯಂಚಾಲಿತ ಖಾತೆ) ಮೂಲಕ ಹಾಕುವ ಟೆಲಿಗ್ರಾಂ ಕ್ವಿಜ್‌ನಲ್ಲಿ ಪ್ರಶ್ನೆಗೆ 300, ಆಯ್ಕೆಗೆ 100, ವಿವರಣೆಗೆ 200 ಅಕ್ಷರದ ಮಿತಿ. ಆದರೆ ಯಂತ್ರ ಎಣಿಸುವ ಅಕ್ಷರ ನಮ್ಮ ಅಕ್ಷರವಲ್ಲ. "ಕ್ಷೇತ್ರ" ಕಣ್ಣಿಗೆ ಎರಡು, ಅದರ ಲೆಕ್ಕದಲ್ಲಿ ಏಳು: ಕ, ಹಲಂತ (ಒತ್ತಕ್ಷರ ಕೂಡಿಸುವ ಚಿಹ್ನೆ), ಷ, ಏತ್ವ, ತ, ಮತ್ತೆ ಹಲಂತ, ರ. ಹಾಗಾಗಿ ಮೂರು ಹೇಳಿಕೆಯ ಪ್ರಶ್ನೆ ಅಲ್ಲಿ ಹಿಡಿಸುವುದಿಲ್ಲ. ಹೇಳಿಕೆಗಳನ್ನು ಮೇಲೆ ಬೇರೆ ಸಂದೇಶವಾಗಿ ಹಾಕಿ ಕೆಳಗೆ ಆಯ್ಕೆಗಳನ್ನಷ್ಟೇ ಕೊಡಿ.

ಗೂಗಲ್ ಫಾರ್ಮ್‌ನಲ್ಲಿ ಆ ಇಕ್ಕಟ್ಟಿಲ್ಲ, ಬೇರೆಯದಿದೆ. ಋಣಾತ್ಮಕ ಅಂಕದ ಸೌಲಭ್ಯ ಅದರಲ್ಲಿಲ್ಲ. ಉತ್ತರಗಳನ್ನು ಶೀಟ್‌ಗೆ ಇಳಿಸಿ, ಸರಿ ಸಂಖ್ಯೆಯಿಂದ ತಪ್ಪಿನ ಕಾಲು ಭಾಗ ಕಳೆಯಬೇಕು. 25 ಪ್ರಶ್ನೆಯಲ್ಲಿ 18 ಸರಿ, 5 ತಪ್ಪು, 2 ಖಾಲಿ ಇದ್ದರೆ 16.75. ಇದಕ್ಕಾಗಿ ಯಾವ ಪ್ರಶ್ನೆಯನ್ನೂ "ಕಡ್ಡಾಯ" ಮಾಡಬೇಡಿ. ಕಡ್ಡಾಯ ಮಾಡಿದರೆ ಒಮ್ಮೆ ಒತ್ತಿದ ಆಯ್ಕೆಯನ್ನು ಅಳಿಸುವ ದಾರಿ ಮುಚ್ಚುತ್ತದೆ, ಬಿಟ್ಟುಬಿಡುವುದನ್ನು ಅಭ್ಯಾಸ ಮಾಡುವವರಿಗೆ ಅನ್ಯಾಯ. ಆಯ್ಕೆಗಳ ಕ್ರಮ ಕಲಸುವ ಗುಂಡಿ ಒತ್ತಿದರೆ "ಮೇಲಿನ ಎಲ್ಲವೂ" ಮೊದಲ ಸಾಲಿಗೆ ಬಂದು ಕೂತಿರುತ್ತದೆ. ಆ ಆಯ್ಕೆಯನ್ನೇ ಕೈಬಿಡುವುದು ಮೇಲು. ಬರೆದು ಉತ್ತರಿಸುವ ಪ್ರಶ್ನೆ ಕನ್ನಡದಲ್ಲಿ ಬೇಡವೇ ಬೇಡ. ನಿಜಲಿಂಗಪ್ಪ, ಎಸ್ ನಿಜಲಿಂಗಪ್ಪ, ಎಸ್. ನಿಜಲಿಂಗಪ್ಪ ಮೂರೂ ಅದಕ್ಕೆ ಮೂರು ಬೇರೆ ಮನುಷ್ಯರು.

ಫಾರ್ಮ್ ದಾಖಲಿಸುವುದು ಸಲ್ಲಿಸಿದ ಸಮಯ ಮಾತ್ರ, ತೆರೆದ ಸಮಯವನ್ನಲ್ಲ. ಸಮ ಅಂಕ ಬಂದಾಗ ಆ ಸಮಯ ನೋಡಿ ರ‍್ಯಾಂಕ್ ಕೊಟ್ಟರೆ ಸಿಗ್ನಲ್‌ಗಾಗಿ ಮಾಳಿಗೆ ಹತ್ತಿದ ಹಳ್ಳಿ ಹುಡುಗಿ ಪ್ರತಿ ವಾರ ಹಿಂದೆ ಬೀಳುತ್ತಾಳೆ. ಸಮ ಅಂಕಕ್ಕೆ ಸಮ ರ‍್ಯಾಂಕ್ ಕೊಡಿ, ಯಾರ ಗಂಟೂ ಹೋಗುವುದಿಲ್ಲ. ಚಿತ್ರದ ಪ್ರಶ್ನೆಗಳೂ ಅದೇ ಕಾರಣಕ್ಕೆ ಬೇಡ.

ಫಲಿತಾಂಶ ಹಾಕಿದ ಅರ್ಧ ಗಂಟೆಯಲ್ಲಿ "ಸರ್, 14ನೇದು ಕೀ ತಪ್ಪೈತಿ" ಬರುತ್ತದೆ. ಬರಬೇಕು. ಕೀ ಉತ್ತರವನ್ನು ಮೊದಲ ಒಂದು ದಿನ "ತಾತ್ಕಾಲಿಕ" ಎಂದೇ ಹಾಕಿ, ಆಕ್ಷೇಪಣೆಗೆ ಮೂಲದ ಕೊಂಡಿ ಕಡ್ಡಾಯ ಮಾಡಿ. ಕೊಂಡಿ ಇಲ್ಲದ ಆಕ್ಷೇಪಣೆ ಅರ್ಧಕ್ಕರ್ಧ ಅಲ್ಲೇ ಉದುರುತ್ತದೆ. ಪ್ರಶ್ನೆಯೇ ತಪ್ಪಾಗಿದ್ದರೆ ಎಲ್ಲರಿಗೂ ಅಂಕ ಹಂಚುವ ಬದಲು ಪ್ರಶ್ನೆ ರದ್ದು ಮಾಡಿ 24ಕ್ಕೆ ಲೆಕ್ಕ ಹಾಕುವುದು ಒಳ್ಳೆಯದು. ತಪ್ಪು ಪ್ರಶ್ನೆಯನ್ನು ಸದ್ದಿಲ್ಲದೆ ಅಳಿಸಬಾರದು, ಅದರ ಸ್ಕ್ರೀನ್‌ಶಾಟ್ ಅಷ್ಟರಲ್ಲಿ ಹತ್ತು ಗುಂಪು ಸುತ್ತಿರುತ್ತದೆ. ಅಲ್ಲೇ ಕೆಳಗೆ ತಿದ್ದುಪಡಿ ಬರೆಯಬೇಕು.

ಆಕ್ಷೇಪಣೆ ಬಾರದ ಪ್ರಶ್ನೆಯಲ್ಲೂ ದೋಷ ಇರಬಹುದು, ಅದನ್ನು ಶೀಟ್ ಹೇಳುತ್ತದೆ. ನೂರು ಜನ ಬರೆದಿದ್ದರೆ ಅಂಕದ ಕ್ರಮದಲ್ಲಿ ಮೇಲಿನ 27, ಕೆಳಗಿನ 27 ಜನರನ್ನು ಬೇರೆ ಮಾಡಿ. ಮೇಲಿನವರಲ್ಲಿ 20 ಜನ, ಕೆಳಗಿನವರಲ್ಲಿ 6 ಜನ ಸರಿ ಮಾಡಿದ್ದರೆ ಪ್ರಶ್ನೆ ಗಟ್ಟಿ. ಮೇಲಿನವರಲ್ಲಿ 8, ಕೆಳಗಿನವರಲ್ಲಿ 15 ಇದ್ದರೆ ಓದಿದವರಿಗೆ ಏನೋ ಅಡ್ಡ ಬಂದಿದೆ. ಹತ್ತರಲ್ಲಿ ಒಂಬತ್ತು ಸಲ ಅಲ್ಲಿ ಸಿಗುವುದು ತಪ್ಪು ಕೀ, ಇಲ್ಲವೇ ದಿನಾಂಕ ಬಿಟ್ಟ "ಪ್ರಸ್ತುತ".