ಖಾಲಿ ಇನ್ಹೇಲರ್ ಕೊಟ್ಟ ಉಸಿರು

ಹೋದ ವರ್ಷ ಆಗಸ್ಟಿನ ಒಂದು ರಾತ್ರಿ. ತೀರ್ಥಹಳ್ಳಿಯಲ್ಲಿ ಹಿಡಿದ ಮಳೆ ಮೂರು ದಿನದಿಂದ ಬಿಟ್ಟಿರಲಿಲ್ಲ. ಬಟ್ಟೆ ಒಣಗದೆ ಮನೆಯೆಲ್ಲ ಮುಗ್ಗಲು ವಾಸನೆ. ಒಂದೂವರೆಗೆ ಎಚ್ಚರವಾದಾಗ ಎದೆಯೊಳಗೆ ಸುಯ್ ಸುಯ್ ಅನ್ನುತ್ತಿತ್ತು. ಒಂಬತ್ತನೇ ವಯಸ್ಸಿನಿಂದಲೂ ನನಗೆ ಅಸ್ತಮಾ ಇದೆ. ಉಸಿರನ್ನು ಎಷ್ಟು ಜೋರಾಗಿ ಊದಬಲ್ಲೆವು ಅಂತ ಅಳೆಯುವ ಪೀಕ್ ಫ್ಲೋ ಮೀಟರಿಗೆ ಊದಿದೆ. ಚೆನ್ನಾಗಿದ್ದಾಗ 380 ತೋರಿಸುವ ಮುಳ್ಳು 240ಕ್ಕೆ ನಿಂತಿತು. ದಿಂಬಿನ ಪಕ್ಕದ ನೀಲಿ ಇನ್ಹೇಲರ್ ತೆಗೆದು ಎರಡು ಸಲ ಎಳೆದೆ.

ಸ್ವಲ್ಪ ಹೊತ್ತಿಗೆ ಹಗುರವಾಯಿತು. ನಿಜವಾಗಿಯೂ ಆಯಿತು. ಬಿಗಿದಿದ್ದ ಹೆಗಲು ಸಡಿಲಾಯಿತು, ಗಾಬರಿ ಹೋಯಿತು. ಅಮ್ಮ ಬಾಗಿಲ ಬಳಿ ಬಂದು "ಈಗ ಹೆಂಗಿದೆಯೇ?" ಅಂದಳು. "ಅಡ್ಡಿಲ್ಲ, ನೀ ಮಲಗು" ಅಂದೆ. ಅಭ್ಯಾಸಬಲಕ್ಕೆ ಮತ್ತೊಮ್ಮೆ ಊದಿದೆ. 240. ಇನ್ನೊಮ್ಮೆ ಊದಿದೆ. 230.

ಬೀರುವಿನಿಂದ ಹೊಸ ಇನ್ಹೇಲರ್ ತೆಗೆದು ಎಳೆದ ಮೇಲೆ ಕಾಲು ಗಂಟೆಯಲ್ಲಿ 330 ಬಂತು. ಹಳೆಯ ಡಬ್ಬಿ 200 ಸಲಕ್ಕೆ ಮಾತ್ರ ಆಗುವಂಥದ್ದು. ಬೆಳಿಗ್ಗೆ ಕೂತು ಲೆಕ್ಕ ಹಾಕಿದರೆ ಅದು ಯಾವತ್ತೋ ದಾಟಿತ್ತು. ಔಷಧಿ ಮುಗಿದ ಮೇಲೂ ಒಳಗಿನ ಗ್ಯಾಸ್ ಬರುತ್ತಲೇ ಇರುತ್ತದೆ. ಅದೇ ಸದ್ದು, ಗಂಟಲಿಗೆ ಅದೇ ತಂಪು. ನನಗೆ ಮೋಸವಾಗಿದ್ದು ಅಲ್ಲೇ.

ಆಮೇಲೆ ಓದುತ್ತಾ ಹೋದಾಗ, ಬಾಸ್ಟನ್ನಿನಲ್ಲಿ ಇದನ್ನೇ ಅಳೆದು ನೋಡಿದ್ದಾರೆ ಅಂತ ಗೊತ್ತಾಯಿತು. 2011ರಲ್ಲಿ ಪ್ರಕಟವಾದ ಅಧ್ಯಯನ. ಅಸ್ತಮಾ ಇದ್ದವರಿಗೆ ಒಂದು ದಿನ ನಿಜವಾದ ಔಷಧಿ, ಒಂದು ದಿನ ಔಷಧಿಯಿಲ್ಲದ ಇನ್ಹೇಲರ್, ಒಂದು ದಿನ ಹುಸಿ ಅಕ್ಯುಪಂಕ್ಚರ್ (ಸೂಜಿ ಚಿಕಿತ್ಸೆಯ ನಟನೆ), ಇನ್ನೊಂದು ದಿನ ಏನೂ ಕೊಡದೆ ಸುಮ್ನೆ ಕೂರಿಸಿದರು. ಎಷ್ಟು ವಾಸಿ ಅಂತ ಕೇಳಿದಾಗ ನಿಜವಾದ ಔಷಧಿಗೆ 50%, ಖಾಲಿ ಇನ್ಹೇಲರಿಗೆ 45%, ಹುಸಿ ಸೂಜಿಗೆ 46%. ಸುಮ್ನೆ ಕೂತಾಗ 21%. ಆದರೆ ಮೊದಲ ಸೆಕೆಂಡಿನಲ್ಲಿ ಊದುವ ಗಾಳಿಯನ್ನು ಅಳೆದರೆ, ಔಷಧಿಗೆ ಸುಮಾರು 20% ಜಾಸ್ತಿಯಾಗಿತ್ತು. ಉಳಿದ ಮೂರಕ್ಕೂ ಸುಮಾರು 7% ಅಷ್ಟೇ.

ನನ್ನ ಆ ರಾತ್ರಿಯೂ ಹೀಗೇ ಇತ್ತಲ್ವಾ?

ಹಾಗಂತ ಪ್ಲಸೀಬೊ, ಅಂದರೆ ಇಂಥ ಹುಸಿ ಮದ್ದು, ಬರೀ ಸುಳ್ಳು ಅನ್ನಲು ನನಗೆ ಮನಸ್ಸಿಲ್ಲ. ನೋವಿನ ವಿಷಯದಲ್ಲಿ ಅದು ಮೈಯೊಳಗೇ ಕೆಲಸ ಮಾಡುತ್ತದೆ. 1978ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಹಲ್ಲು ಕೀಳಿಸಿಕೊಂಡವರ ಮೇಲೆ ಮಾಡಿದ ಪ್ರಯೋಗವೊಂದಿದೆ. ಹುಸಿ ಮದ್ದಿನಿಂದ ನೋವು ಇಳಿದವರಿಗೆ ನಾಲೊಕ್ಸೋನ್ ಕೊಟ್ಟಾಗ ನೋವು ಮತ್ತೆ ಏರಿತು. ನಾಲೊಕ್ಸೋನ್ ಅಫೀಮಿನ ಜಾತಿಯ ಮದ್ದುಗಳನ್ನು ತಡೆಯುವ ಔಷಧಿ. ಅಂದರೆ ನಂಬಿಕೆಗೆ ದೇಹ ತನ್ನದೇ ನೋವುನಿವಾರಕ ಬಿಟ್ಟಿತ್ತು. ಸೂಜಿ ಚುಚ್ಚದ ಡಾಕ್ಟರು ಡಾಕ್ಟರೇ ಅಲ್ಲ ಅನ್ನುವವಳು ನಮ್ಮಮ್ಮ. ಮಂಡಿನೋವಿಗೆ ಸೂಜಿ ಹಾಕಿಸಿಕೊಂಡು ಬರುವಾಗಲೇ ಅವಳ ನಡಿಗೆ ಬದಲಾಗಿರುತ್ತದೆ. ಮೊದಲೆಲ್ಲ ನಾನು ವಾದ ಮಾಡುತ್ತಿದ್ದೆ. ಈಗ ಮಾಡುವುದಿಲ್ಲ.

ಉಸಿರಿನ ವಿಷಯಕ್ಕೆ ಮಾತ್ರ ಒಪ್ಪುವುದಿಲ್ಲ. ಆ ಹಗುರವನ್ನು ನಂಬಿ ಮಲಗಿಬಿಟ್ಟಿದ್ದರೆ ಅನ್ನುವ ಯೋಚನೆ ಬಂದರೆ ಈಗಲೂ ಹೆದರಿಕೆಯಾಗುತ್ತದೆ. ಹೊಸ ಡಬ್ಬಿಯ ಮೇಲೆ ಶುರುಮಾಡಿದ ತಾರೀಖು ಬರೆದಿಟ್ಟಿದ್ದೇನೆ. ರಾತ್ರಿ ನಾನು ಎದ್ದು ದೀಪ ಹಾಕಿದರೆ ಅಮ್ಮ ಮಲಗಿದ್ದಲ್ಲಿಂದಲೇ ಕೇಳುತ್ತಾಳೆ, "ಎಷ್ಟು ಬಂತೇ?"